ಎಂಬತ್ತನಾಲ್ಕು ಬೋರ್ಡುಗಳು ತಂಗಿದ ಊರು

ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು. ಆದರೂ ವಾರಕ್ಕೊಂದಾದರೂ ಫೋನು ಬರುತ್ತದೆ. ಮನೆ ರಿಪೇರಿಗೆ ಇಳಿದ ಯಾರೋ ಒಬ್ಬರು ಒಂದು ಟೆಂಪೋ ತುಂಬ ಜಿಪ್ಸಂ ಬೋರ್ಡು ಇಳಿಸಿಕೊಂಡ ಮೇಲೆ, ಇದನ್ನೀಗ ಎಲ್ಲಿ ಇಡುವುದು ರಾಜಣ್ಣ ಎಂದು ಕೇಳುತ್ತಾರೆ. ತರಿಸುವ ಮುಂಚೆ ಇದನ್ನು ಕೇಳಿದವರು ನನ್ನ ನೆನಪಿನಲ್ಲಿ ನಾಲ್ಕೈದು ಮಂದಿ ಇರಬಹುದು.

ಹುಣಸೂರಿನಲ್ಲಿ ಪ್ಲೈವುಡ್ಡು, ಹಾರ್ಡ್‌ವೇರಿನ ಒಂದು ಅಂಗಡಿಯ ಗೋಡೌನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಹುಟ್ಟಿದ್ದು ಹೊಸ ಅಗ್ರಹಾರದ ಹತ್ತಿರ, ಭತ್ತ ಬೆಳೆಯುವ ಮನೆಯಲ್ಲಿ. ಈಗ ಗೋಡೌನು ಕೆಲಸಕ್ಕೆ ಹೊಸಬರು ಸೇರಿದ್ದಾರೆ. ಅವರಲ್ಲಿ ಇಬ್ಬರು ಮೊನ್ನೆ ಮನೆಗೆ ಬಂದು, ನಿಮಗೆ ಗೊತ್ತಿರುವುದನ್ನು ಬರೆದು ಕೊಡಿ ಅಂದರು. ಗೊತ್ತಿರುವುದು ಬಹಳವೇನಿಲ್ಲ. ಆದರೆ ಈ ಬಿಳಿ ಹಲಗೆಯ ದೆಸೆಯಿಂದ ನಾನು ಬಾಯಿ ಕಟ್ಟಿ ನಿಂತ ಸಂದರ್ಭಗಳು ಕೆಲವಿವೆ. ಅವನ್ನು ಬರೆಯುತ್ತೇನೆ.

ಮೊದಲು ನಮ್ಮ ಅಂಗಡಿಗೆ ಬರುತ್ತಿದ್ದದ್ದು ಪ್ಲೈವುಡ್ಡು, ಬಾಗಿಲು, ಮೊಳೆ, ತಿರುಪು. ಒಂದು ಮಧ್ಯಾಹ್ನ ಮೈಸೂರಿನಿಂದ ಲಾರಿಯಲ್ಲಿ ಜಿಪ್ಸಂ ಬೋರ್ಡು ಬಂದಿಳಿಯಿತು. ಆರಡಿ ಉದ್ದ, ನಾಲ್ಕಡಿ ಅಗಲ, ಅರ್ಧ ಇಂಚು ದಪ್ಪ, ಇಪ್ಪತ್ತು ಕೆ.ಜಿ. ಆಸುಪಾಸು ತೂಕ. ಎರಡು ದಪ್ಪ ಕಾಗದದ ನಡುವೆ ಬಿಳಿ ಕಲ್ಲಿನ ಪುಡಿಯನ್ನು ಕಲಸಿ ಗಟ್ಟಿ ಮಾಡಿದ್ದು. ಇದರಿಂದ ಮನೆಯೊಳಗೆ ಸೂರು, ಅಂದರೆ ಸೀಲಿಂಗು, ಮಾಡಬಹುದು, ಇಟ್ಟಿಗೆ ಸಿಮೆಂಟು ಇಲ್ಲದೆ ಒಂದೇ ವಾರದಲ್ಲಿ ಗೋಡೆ ಎಬ್ಬಿಸಬಹುದು ಎಂದು ಲಾರಿಯವನು ಹೇಳಿದಾಗ ನಾನು ನಂಬಲಿಲ್ಲ. ನೀರೇ ಕಾಣದ ಗೋಡೆ ಎಂದರೆ ಏನು? ನಮ್ಮ ಕಡೆ ಗೋಡೆ ಕಟ್ಟಿದರೆ ಹದಿನೈದು ದಿನ ಅದಕ್ಕೆ ನೀರು ಹೊಡೆಯುತ್ತೇವೆ.

ಆ ಮೊದಲ ಲೋಡಿನಲ್ಲೇ ತಪ್ಪು ಮಾಡಿದೆ. ಪ್ಲೈವುಡ್ಡಿನ ಹಾಗೆಯೇ ಎಂದುಕೊಂಡು ಮೂವತ್ತು ಬೋರ್ಡುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಜಾಗ ಉಳಿಯಿತೆಂದು ಖುಷಿಯೂ ಆಯಿತು. ಮೂರು ವಾರದ ಮಳೆ ಕಳೆದ ಮೇಲೆ ಎಳೆದು ನೋಡಿದರೆ ಎಲ್ಲವೂ ಹೊಟ್ಟೆ ಮುಂದಕ್ಕೆ ಹಾಕಿದ್ದವು. ನಮ್ಮ ಸಾವ್ಕಾರರು ಬೈಯುವವರಲ್ಲ. ಬಂದು ನೋಡಿದರು, ಒಂದರ ಮೇಲೆ ಕೈಯಾಡಿಸಿದರು, ಹೋದರು. ಮಾರನೆಯ ದಿನ ಸೀಲಿಂಗ್ ಕೆಲಸದವರನ್ನು ಕರೆಸಿ ಆ ಬಾಗಿದ ಬೋರ್ಡುಗಳನ್ನೇ ಗೋಡೌನಿನ ಆಫೀಸಿಗೆ, ಸರಿಯಾಗಿ ನನ್ನ ಮೇಜಿನ ಮೇಲಕ್ಕೆ, ಸೂರು ಮಾಡಿಸಿದರು. ಎಷ್ಟು ಪಟ್ಟಿ ಹಾಕಿ ಎಳೆದರೂ ಅಲೆ ಅಲೆಯಾಗಿಯೇ ನಿಂತಿತು. ಕೆಲಸ ಬಿಡುವವರೆಗೂ ನಾನು ಅದರ ಕೆಳಗೆ ಕೂತೆ. ಬಂದ ಗಿರಾಕಿಗಳು ಇದೇನು ಡಿಸೈನಾ ಎಂದು ಕೇಳಿದಾಗೆಲ್ಲ ಹೌದು ಎಂದು ಹೇಳಿದ್ದೇನೆ.

ಅಂದಿನಿಂದ ಕಲಿತದ್ದು ಇಷ್ಟು. ಬೋರ್ಡನ್ನು ಮಲಗಿಸಬೇಕು, ನಿಲ್ಲಿಸಬಾರದು. ನೆಲಕ್ಕೆ ತಾಗಿಸಬಾರದು, ಕೆಳಗೆ ಒಂದೇ ಎತ್ತರದ ಮರದ ಪಟ್ಟಿಗಳನ್ನು ಹತ್ತಿರ ಹತ್ತಿರ ಹಾಕಬೇಕು. ಹೊರುವಾಗ ಮಾತ್ರ ಇಬ್ಬರು ಅಂಚಿನ ಮೇಲೆ ನಿಲ್ಲಿಸಿಕೊಂಡು ಹೊರಬೇಕು, ಅಡ್ಡಡ್ಡ ಹಿಡಿದರೆ ನಡುಮಧ್ಯೆ ಮುರಿಯುತ್ತದೆ. ಮಹಡಿ ಮನೆಯಾದರೆ ಎಲ್ಲವನ್ನೂ ಒಂದೇ ಕಡೆ ಪೇರಿಸಬಾರದು. ಐವತ್ತು ಬೋರ್ಡು ಎಂದರೆ ಒಂದು ಟನ್ನು, ಅದನ್ನು ಹೊರುವುದು ಆ ಮನೆಯ ತಾರಸಿ. ಛಾವಣಿ ಸೋರುವುದು ನಿಂತು, ಬಾಗಿಲು ಕಿಟಕಿ ಕೂತ ಮೇಲೆ ಬೋರ್ಡು ತರಿಸಬೇಕು. ಇವನ್ನೆಲ್ಲ ಈಗ ಬೋರ್ಡಿನ ಕಟ್ಟಿನ ಮೇಲೆ, ಫೋನಿನಲ್ಲಿ, ಚಿತ್ರ ಸಹಿತ ತೋರಿಸುತ್ತಾರೆ. ನಾವು ಬಾಗಿದ ಬೋರ್ಡು ನೋಡಿಯೇ ಕಲಿತೆವು.

ನೀರಿಗೆ ಹೆದರುವುದನ್ನು ಕಲಿತ ಮೇಲೆ ಬೆಂಕಿಯ ಕೈಯಲ್ಲಿ ಸಿಕ್ಕಿಬಿದ್ದೆ. ಪಿರಿಯಾಪಟ್ಟಣದ ಕಡೆ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆಯನ್ನು ಹೊಸದು ಮಾಡಲು ನಮ್ಮಲ್ಲಿ ಬೋರ್ಡು ಕೊಂಡರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ನಿವೃತ್ತಿಯ ನಂತರ ಹೊಗೆಸೊಪ್ಪು ಬೆಳೆಯುತ್ತಿದ್ದರು. ಮನೆಯ ಕೆಲಸ ಶುರುವಾಗಲು ಇನ್ನೂ ಎರಡು ತಿಂಗಳಿತ್ತು. ಎಲ್ಲಿ ಇಡಲಿ ಎಂದು ಕೇಳಿದರು. ಒಲೆಯ ಕಾವಿನಲ್ಲಿ ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿಗೆ ಒತ್ತಿಕೊಂಡಂತೆ ಒಂದು ಕೋಣೆಯಿತ್ತು. ಮಳೆಗಾಲದಲ್ಲೂ ಕೈಯಿಟ್ಟರೆ ಬೆಚ್ಚಗೆ, ಒಣಗಿ ಗಣಗಣ ಅನ್ನುವ ಜಾಗ. ನಾನೇ ಅದನ್ನು ತೋರಿಸಿ, ಇದಕ್ಕಿಂತ ಒಳ್ಳೆಯ ಜಾಗ ಮೈಸೂರು ಜಿಲ್ಲೆಯಲ್ಲೇ ಇಲ್ಲ ಎಂದು ಹೇಳಿ, ಒಲೆಯ ಗೋಡೆಗೆ ತಾಗಿಸಿ ಪೇರಿಸಿ ಬಂದೆ.

ಸೊಪ್ಪಿನ ಕಾಲ ಬಂತು. ಬ್ಯಾರನ್ನಿನ ಒಲೆ ವಾರಗಟ್ಟಲೆ ಉರಿಯಿತು. ಆಮೇಲೆ ಕೆಲಸದವರು ಬೋರ್ಡು ಎತ್ತಿ ತಿರುಪು ಹಾಕಿದರೆ ಗೋಡೆಯ ಕಡೆಗಿದ್ದ ಅಂಚಿನಲ್ಲಿ ತಿರುಪು ಹಿಟ್ಟಿನೊಳಕ್ಕೆ ಹೋದಂತೆ ಹೋಯಿತು. ಕಾಗದ ಚೆನ್ನಾಗಿಯೇ ಇತ್ತು, ಒಂದು ಹನಿ ನೀರು ತಾಗಿರಲಿಲ್ಲ. ನಾನು ಹೋಗಿ ಬೆರಳಲ್ಲಿ ಒತ್ತಿದೆ, ಪುಡಿ ಉದುರಿತು. ಕಂಪನಿಯ ಮಾಲೇ ಸರಿಯಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೇಷ್ಟ್ರು ಚೆನ್ನಾಗಿದ್ದ ಕಡೆಯಿಂದ ಒಂದು ಚೂರು ಮುರಿದು, ಕಾಗದ ಕಿತ್ತು, ಒಂದು ಸ್ಟೀಲಿನ ಬಟ್ಟಲಿಗೆ ಹಾಕಿ, ಮೇಲೆ ತಣ್ಣನೆಯ ತಟ್ಟೆ ಮುಚ್ಚಿ ಗ್ಯಾಸಿನ ಒಲೆಯ ಮೇಲಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ತಟ್ಟೆಯನ್ನು ಎತ್ತಿ ನನ್ನ ಮುಂದೆ ತಿರುಗಿಸಿದರು. ಅದರ ಅಡಿಯಲ್ಲೆಲ್ಲ ನೀರಿನ ಹನಿ.

"ಎಲ್ಲಿಂದ ಬಂತು ಹೇಳು ನೋಡಾನ?" ಅಂದರು, ತರಗತಿಯಲ್ಲಿ ಕೇಳುವ ಹಾಗೆ.

ಒಣ ಕಲ್ಲು ನನ್ನ ಕಣ್ಣೆದುರಿಗೇ ಬೆವರಿತ್ತು.

"ಈ ಕಲ್ಲಿನೊಳಗೇ ನೀರದೆ ಕಣಯ್ಯ. ತೂಕದಲ್ಲಿ ಐದರಲ್ಲೊಂದು ಪಾಲು ನೀರೇಯ. ಮುಟ್ಟಿದ್ರೆ ಗೊತ್ತಾಗಕ್ಕಿಲ್ಲ. ಅದನ್ನ ಹಿಡ್ಕಂಡಿರೋವರ್ಗೂ ಇದು ಕಲ್ಲು. ನಮ್ಮ ಒಲೆ ಅದನ್ನ ಓಡಿಸಿಬುಡ್ತು."

ತಪ್ಪು ನನ್ನದಾಗಿದ್ದರೂ ಅವರು ದುಡ್ಡು ವಾಪಸು ಕೇಳಲಿಲ್ಲ. ಕೆಟ್ಟ ಅಂಚುಗಳನ್ನು ಕತ್ತರಿಸಿ ಉಳಿದದ್ದರಲ್ಲೇ ಚಿಕ್ಕ ಕೋಣೆಗಳಿಗೆ ಸೂರು ಮಾಡಿಸಿಕೊಂಡರು. ನಾನು ಗೋಡೌನಿಗೆ ಬಂದವನೇ ಪೇರಿಸಿದ್ದ ಬೋರ್ಡುಗಳ ಮುಂದೆ ನಿಂತೆ. ಇಷ್ಟು ದಿನ ಎತ್ತಿ ಇಳಿಸಿದ್ದು, ಬೈದದ್ದು, ಒದ್ದದ್ದೂ ಉಂಟು. ಆವತ್ತು ಚಪ್ಪಲಿ ಕಾಲಿನಲ್ಲಿ ಹತ್ತಿರ ಹೋಗುವುದಕ್ಕೂ ಒಂಥರಾ ಆಯಿತು. ಪ್ರತಿಯೊಂದು ಬೋರ್ಡಿನೊಳಗೂ ಮೂರು ನಾಲ್ಕು ಲೀಟರು ನೀರು ಸದ್ದಿಲ್ಲದೆ ಕೂತಿದೆ ಎಂದರೆ ಅದನ್ನು ಏನೆಂದು ತಿಳಿಯುವುದು?

ಈಗ ನಾನು ಹೇಳಬೇಕೆಂದೇ ಕೂತ ವಿಷಯಕ್ಕೆ ಬರುತ್ತೇನೆ.

ನಾನು ಕೆಲಸ ಬಿಡುವ ಹಿಂದಿನ ಮಳೆಗಾಲ. ಎಚ್.ಡಿ. ಕೋಟೆಯಿಂದ ಆಚೆ, ಕಾಡಂಚಿನ ಒಂದು ಊರಿನಿಂದ ಮಾದೇವಣ್ಣ ಎಂಬ ರೈತರು ಅಂಗಡಿಗೆ ಬಂದರು. ಅವರ ತಮ್ಮನಿಗೆ ಮೈಸೂರಿನಲ್ಲಿ ಕಿಡ್ನಿ ಬದಲಾಯಿಸುವ ಆಪರೇಷನ್ ಆಗಿತ್ತು. ನೋಡಿಕೊಳ್ಳಲು ತಮ್ಮನ ಹೆಂಡತಿ ಆಸ್ಪತ್ರೆಯಲ್ಲೇ ಇದ್ದಳು. ತಮ್ಮನನ್ನು ಮನೆಗೆ ಕಳಿಸುವ ಮುಂಚೆ ಅವರಿಗೊಂದು ಬೇರೆ ಕೋಣೆ ಆಗಬೇಕು, ಹೆಂಚಿನ ಮಸಿ ಧೂಳು ಉದುರಬಾರದು, ಗೋಡೆಯಲ್ಲಿ ತೇವ, ಬೂಷ್ಟು ಇರಲೇಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಮನೆಯೋ ನಾಡಹೆಂಚಿನ ಹಳೆಯ ಮನೆ. ಆ ಮಳೆಯಲ್ಲಿ ಇಟ್ಟಿಗೆ ಗೋಡೆ ಕಟ್ಟಿದರೆ ಒಣಗಲು ತಿಂಗಳುಗಳೇ ಬೇಕು. ಹಾಗಾಗಿ ಮೊದಲು ಹೆಂಚು ಬಿಚ್ಚಿ ಸೋರಿಕೆ ಸರಿಮಾಡಿಸಿ, ಒಳಗೆ ಬೋರ್ಡಿನಲ್ಲಿ ಕೋಣೆ ಎಬ್ಬಿಸಿ, ಹಾಗೆಯೇ ಮನೆಯಷ್ಟಕ್ಕೂ ಸೂರು ಹಾಕಿಸುವುದೆಂದು ತೀರ್ಮಾನಿಸಿದ್ದರು. ಲೆಕ್ಕ ಹಾಕಿದಾಗ ಎಂಬತ್ತು ಬೋರ್ಡು ಬೇಕಾಗಿತ್ತು. ಮುರಿಯುವುದಕ್ಕೆಂದು ನಾಲ್ಕು ಹೆಚ್ಚಿಗೆ ಸೇರಿಸಿದೆ. ತಮ್ಮ ಬರುವುದಕ್ಕೆ ಹನ್ನೆರಡು ದಿನ ಉಳಿದಿತ್ತು, ಕೆಲಸಕ್ಕೆ ಏಳು ದಿನ ಬೇಕಿತ್ತು. ಗೋಡೌನಿನಲ್ಲಿ ಇದ್ದದ್ದೂ ಅಷ್ಟೇ ಬೋರ್ಡು, ಮುಂದಿನ ಲೋಡು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ವಿಷಯ ತಿಳಿದ ಮೇಲೆ ನಾನೇ ಟೆಂಪೋದಲ್ಲಿ ಹೊರಟೆ. ಓಡಿಸುತ್ತಿದ್ದದ್ದು ರಿಯಾಜ್, ನಮ್ಮ ಅಂಗಡಿಯ ಹಳೆಯ ಡ್ರೈವರು. ಕೋಟೆ ದಾಟುವವರೆಗೆ ಮೋಡ ಮಾತ್ರ ಇತ್ತು. ಆಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಮಾದೇವಣ್ಣನ ಊರು ಇನ್ನೆರಡು ಮೈಲಿ ಇದೆ ಎನ್ನುವಾಗ ಮುಂದಿನ ಹಳ್ಳ ಸೇತುವೆಯ ಮೇಲೆ ಹರಿಯುತ್ತಿತ್ತು. ಹಿಂದಕ್ಕೆ ತಿರುಗಿಸಿ ಒಂದು ಮೈಲಿ ಬಂದರೆ, ಅರ್ಧ ಗಂಟೆಯ ಹಿಂದೆ ನಾವು ದಾಟಿ ಬಂದ ತಗ್ಗಿನಲ್ಲೂ ನೀರು ನುಗ್ಗಿತ್ತು. ನಡುವೆ ಇಪ್ಪತ್ತು ಮನೆಯ ಒಂದು ಊರು. ಅದರ ಹೆಸರು ಬರೆಯುವುದಿಲ್ಲ, ಬರೆದರೆ ಅವರಿಗೆ ಸಂಕೋಚವಾದೀತು.

ಊರ ಮುಂದೆ ಟೆಂಪೋ ನಿಲ್ಲಿಸಿ ರಿಯಾಜ್ ಹಿಂದೆ ಹೋಗಿ ನೋಡಿ ಬಂದ.

"ಅಣ್ಣ, ಟಾರ್ಪಾಲು ಗಾಳಿಗೆ ಹರ್ಕಂಡದೆ. ಮೇಲಿನ ಪ್ಲಾಸ್ಟಿಕ್ ಇನ್ನೊಂದು ಗಂಟೆ ತಡೀಬೋದು, ಅಷ್ಟೇ."

ಮಧ್ಯಾಹ್ನ ಎರಡು ಗಂಟೆ. ನಾನು ಮಾದೇವಣ್ಣನಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು, ನೀವು ಮೊದ್ಲು ಹುಷಾರಾಗಿರಿ ರಾಜಣ್ಣ ಅಂದು ಫೋನಿಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಒಮ್ಮೆ ನೆನೆದ ಬೋರ್ಡು ಒಣಗಿದ ಮೇಲೂ ಒಳಗೆ ಬೂಷ್ಟು ಹಿಡಿದಿರುತ್ತದೆ. ಬೇರೆ ಮನೆಗಾದರೆ ಅದು ಅಂದ ಕೆಡುವ ಮಾತು. ಆ ಮನೆಗೆ ಹಾಗಲ್ಲ.

ಪಕ್ಕದ ಜಗುಲಿಯಿಂದ ಒಬ್ಬ ಹೆಂಗಸು ನಮ್ಮನ್ನು ನೋಡುತ್ತಿದ್ದರು. ಅರವತ್ತು ದಾಟಿದವರು, ಹೆಸರು ಚಿಕ್ಕತಾಯಮ್ಮ. ಏನಪ್ಪ ಅದು, ಹಿಂಗೆ ನಿಂತಿದ್ದೀರಿ ಎಂದು ಕೇಳಿದರು. ಹೇಳಿದೆ. ಬೋರ್ಡು ಎಂದರೆ ಅವರಿಗೆ ಗೊತ್ತಾಗಲಿಲ್ಲ, ಆಸ್ಪತ್ರೆಯಿಂದ ಬರುವ ಮನುಷ್ಯ ಎಂಬುದು ಗೊತ್ತಾಯಿತು. ಮಾದೇವಣ್ಣನ ಮನೆಯವರು ಅವರಿಗೆ ನೆಂಟರಲ್ಲ, ಪರಿಚಯವೂ ಇಲ್ಲ. ಊರಿನ ಶಾಲೆ ಹಳ್ಳದಾಚೆ ಇತ್ತು, ಗುಡಿಯ ಮುಂದಿನದು ತೆರೆದ ಮಂಟಪ. ಅವರು ಬೀದಿಯನ್ನು ಒಮ್ಮೆ ನೋಡಿ ಹೇಳಿದರು:

"ಒಂದೇ ಮನೇಲಿ ಇಡಕ್ಕಾಗಕ್ಕಿಲ್ಲ ಕಣಪ್ಪ. ಎಲ್ಲಾರ ಮನೇನೂ ಸೋರ್ತವೆ. ಆದ್ರೆ ಸೋರ್ದೇ ಇರೋ ಜಾಗ ಅಂತ ಮನೆಗೊಂದು ಇದ್ದೇ ಇರ್ತದೆ. ಅಲ್ಲಿಷ್ಟು ಇಲ್ಲಿಷ್ಟು ಇಡವ."

ಅವರು ಬೀದಿಗಿಳಿದು ಬಾಗಿಲು ಬಾಗಿಲು ತಟ್ಟಿಕೊಂಡು ಹೋದರು. ಜನ ಬಂದರು. ಶುಂಠಿ, ರಾಗಿ ಒಣಗಿಸುವ ದೊಡ್ಡ ನೀಲಿ ಟಾರ್ಪಾಲು ತಂದರು. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ತಲೆಯ ಮೇಲಕ್ಕೆ ಎತ್ತಿದರು. ಅದರ ಕೆಳಗೆ ಇಬ್ಬರು, ಜೋಡಿ ಬೋರ್ಡನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿದುಕೊಂಡು, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದರು. ಮೇಲೆ ಹಿಡಿದವರು ತೊಪ್ಪನೆ ನೆನೆದರು, ಕೆಳಗಿದ್ದ ಬೋರ್ಡಿಗೆ ಹನಿ ತಾಗಲಿಲ್ಲ. ನಲವತ್ತೆರಡು ಸಲ ಹಾಗೆ ಹೋದರು, ಬಂದರು. ಕೈ ಸೋತವರ ಮೂಲೆಯನ್ನು ಕೇಳದೆಯೇ ಇನ್ನೊಬ್ಬರು ಹಿಡಿಯುತ್ತಿದ್ದರು. ಹೆಂಗಸರೇ ಹೆಚ್ಚು. ನಾನು ಇಷ್ಟು ವರ್ಷ ಹಮಾಲಿಗಳಿಗೆ ಹೇಳಿ ಹೇಳಿ ಸಾಕಾದ ಕೆಲಸವನ್ನು ಅವರು ಎರಡನೆಯ ಸಲಕ್ಕೇ ಕಲಿತಿದ್ದರು.

ನಾನು ಮನೆಯಿಂದ ಮನೆಗೆ ಓಡಾಡಿ ಜಾಗ ನೋಡಿ ಬಂದೆ. ಆಗ ಗೊತ್ತಾಯಿತು, ಸೋರದ ಜಾಗ ಎಂದರೆ ಆ ಮನೆಯವರು ಬಿತ್ತನೆ ರಾಗಿ ಇಡುವ ಜಾಗ, ಮಂಚ ಹಾಕುವ ಜಾಗ, ಬಾಣಂತಿ ಮಲಗುವ ಜಾಗ. ಅದನ್ನೇ ಬಿಡಿಸಿ ಕೊಟ್ಟಿದ್ದರು. ಪಟ್ಟಿಗೆಂದು ಒಬ್ಬರು ಬಿದಿರು ಸೀಳಿದರು, ಒಬ್ಬರು ಅಟ್ಟದ ಹಲಗೆ ಇಳಿಸಿದರು, ಒಂದು ಮನೆಯಲ್ಲಿ ಒನಕೆಗಳನ್ನೇ ಸಾಲಾಗಿ ಮಲಗಿಸಿದ್ದರು. ಚಿಕ್ಕತಾಯಮ್ಮ ತಮ್ಮ ಮಂಚದ ಮೇಲೆ ಹತ್ತು ಬೋರ್ಡು ಇಡಿಸಿಕೊಂಡು ಹಾಸಿಗೆ ಸುತ್ತಿ ಒಲೆಯ ಪಕ್ಕಕ್ಕೆ ಹಾಕಿದ್ದರು. ನೀವು ಎಲ್ಲಿ ಮಲಗುತ್ತೀರಿ ಅವ್ವ ಎಂದೆ.

"ಒಲೆ ಮುಂದೆ ಬೆಚ್ಚಗೆ ಒರಗ್ತೀನಿ ಬುಡು. ನಂಗೇನು, ಗುಂಡುಕಲ್ಲು ಇದ್ದಂಗೆ ಇವ್ನಿ. ಅವ್ರು ಆಪ್ರೇಸನ್ ಆದೋರು."

ಹನ್ನೊಂದು ಮನೆಗಳಲ್ಲಿ ಎಂಬತ್ತೆರಡು ಬೋರ್ಡು ಕೂತವು. ಬೀದಿಯ ಕೊನೆಯಲ್ಲಿ ಜವರಯ್ಯ ಎಂಬವನ ಮನೆ. ಕೂಲಿ ಮಾಡುವ ಒಂಟಿ ಮನುಷ್ಯ. ಅವನು ಆಗಿನಿಂದ ಟಾರ್ಪಾಲಿನ ಒಂದು ಮೂಲೆ ಹಿಡಿದವನು ಬಿಟ್ಟೇ ಇರಲಿಲ್ಲ. ನನ್ನ ಮನೆಗೂ ಕೊಡಿ ಅಂದ. ಹೋಗಿ ನೋಡಿದೆ. ನಾಲ್ಕು ಕಡೆ ಪಾತ್ರೆ ಇಟ್ಟಿದ್ದ, ನಾಲ್ಕರಲ್ಲೂ ನೀರು ಬೀಳುತ್ತಿತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ. ಹೇಗೂ ನಾಲ್ಕು ಹೆಚ್ಚಿಗೆ ಇವೆಯಲ್ಲ, ಎರಡು ಹೋದರೆ ಹೋಗಲಿ ಎಂದು ಮನಸ್ಸಿನಲ್ಲೇ ನಷ್ಟದ ಲೆಕ್ಕಕ್ಕೆ ಬರೆದು ಹಾಕಿ, ಉಳಿದ ಎರಡನ್ನು ಅವನಿಗೆ ಕೊಟ್ಟೆ.

ಮಳೆ ಮೂರು ದಿನ ಬಿಡಲಿಲ್ಲ. ನಾನೂ ರಿಯಾಜೂ ಅಲ್ಲೇ ಉಳಿದೆವು. ದಿನಕ್ಕೆರಡು ಸಲ ಪ್ರತಿ ಮನೆಗೂ ಹೋಗಿ ಅಂಚಿಗೆ ಹಿಂಗೈ ಒತ್ತಿ ತೇವ ನೋಡುತ್ತಿದ್ದೆ. ಈಗ ಅದಕ್ಕೆ ಅಂಗೈಯಗಲದ ಯಂತ್ರ ಬಂದಿದೆ, ಒತ್ತಿದರೆ ಅಂಕಿ ತೋರಿಸುತ್ತದೆ. ಅಲ್ಲಿ ನನಗೆ ಕೈಯೇ ಗತಿ. ಎಲ್ಲ ಕಡೆ ಒಣಗಿಯೇ ಇತ್ತು. ಪ್ರತಿ ಮನೆಯಲ್ಲೂ ಮೇಲಿನ ಬೋರ್ಡಿನ ಮೂಲೆಗೆ ಅರಿಸಿನ ಕುಂಕುಮ ಇಟ್ಟಿದ್ದರು. ಮನೆಗೆ ಬಂದದ್ದು ಅಂತ ಇಟ್ಟೆವು, ಅದರಿಂದ ಕೆಡುತ್ತದಾ ಎಂದು ಒಬ್ಬಾಕೆ ಹೆದರಿಕೊಂಡು ಕೇಳಿದಳು. ಕೆಡುವುದಿಲ್ಲ ಎಂದೆ.

ಜವರಯ್ಯನ ಮನೆಗೆ ಮಾತ್ರ ನಾನು ಎರಡನೆಯ ದಿನದ ಸಂಜೆಯವರೆಗೆ ಹೋಗಲಿಲ್ಲ. ಹೋಗಿ ನೆನೆದದ್ದನ್ನು ನೋಡಿ ಅವನ ಮುಖ ನೋಡುವುದು ಬೇಡವೆನಿಸಿತ್ತು. ಕೊನೆಗೆ ಹೋದೆ. ಬಾಗಿಲಲ್ಲೇ ನಿಂತೆ. ಮೂಲೆಯಲ್ಲಿ ನಾಲ್ಕು ಕಲ್ಲು, ಕಲ್ಲಿನ ಮೇಲೆ ಬಾಗಿಲು. ಅವನ ಮನೆಯ ಒಳಬಾಗಿಲನ್ನೇ ಕಿತ್ತು ಮಲಗಿಸಿದ್ದ. ಅದರ ಮೇಲೆ ಎರಡು ಬೋರ್ಡು. ಅದರ ಮೇಲಕ್ಕೆ ತನ್ನ ಒಂದೇ ಒಂದು ಪ್ಲಾಸ್ಟಿಕ್ ಹಾಳೆಯನ್ನು ಚಪ್ಪರದ ಹಾಗೆ ಕಟ್ಟಿದ್ದ. ಆ ಹಾಳೆ ಮೊದಲು ಅವನ ಚಾಪೆಯ ಮೇಲೆ ಕಟ್ಟಿದ್ದೆಂದು ತೊಲೆಯಲ್ಲಿ ನೇತಾಡುತ್ತಿದ್ದ ದಾರಗಳು ಹೇಳುತ್ತಿದ್ದವು. ಚಾಪೆ ಇದ್ದ ಕಡೆ ಈಗ ನೀರು ನಿಂತಿತ್ತು. ಅವನು ಗೋಣಿ ತಾಟು ಹೊದ್ದು ಬೋರ್ಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಹಿಂಗೈ ಒತ್ತಿದೆ. ಊರಿನಲ್ಲೆಲ್ಲ ಅಷ್ಟು ಒಣಗಿದ್ದ ಬೋರ್ಡು ಇನ್ನೊಂದಿರಲಿಲ್ಲ.

"ನೀವು ಎರಡೇ ಕೊಟ್ರಿ ಅಣ್ಣ. ಅದ್ಕೇ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕತಾ ಇವ್ನಿ," ಅಂದ.

ಎಷ್ಟೋ ಲೋಡುಗಳನ್ನು ಕಣ್ಣಳತೆಯಲ್ಲೇ ಒಳ್ಳೆಯದು ಕೆಟ್ಟದ್ದು ಎಂದು ಬೇರೆ ಮಾಡಿದವನು ನಾನು. ಅವನ ಮನೆಯನ್ನು ನೋಡಿ ಅವನನ್ನು ಬೇರೆ ಮಾಡಿದ್ದೆ. ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತೆ.

ನಾಲ್ಕನೆಯ ದಿನ ಬೆಳಿಗ್ಗೆ ನೀರು ಇಳಿಯಿತು. ಬೋರ್ಡುಗಳು ಹೋದ ಹಾಗೆಯೇ ಜೋಡಿ ಜೋಡಿಯಾಗಿ ಬಂದು ಟೆಂಪೋ ಏರಿದವು. ಎಂಬತ್ತನಾಲ್ಕಕ್ಕೆ ಎಂಬತ್ತನಾಲ್ಕು, ಒಂದರ ಅಂಚೂ ಮುಕ್ಕಾಗಿರಲಿಲ್ಲ. ಗೋಡೌನಿನಲ್ಲಿ ನಾನು ಒಮ್ಮೆಯೂ ಹಾಗೆ ಕಾಪಾಡಿರಲಿಲ್ಲ. ಮಾದೇವಣ್ಣನ ಮನೆಯಲ್ಲಿ ಕೆಲಸದವರು ಕಾದಿದ್ದರು. ಏಳು ದಿನದ ಕೆಲಸ ಏಳೇ ದಿನಕ್ಕೆ ಮುಗಿಯಿತು, ಅವರ ತಮ್ಮ ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಕೋಣೆ ಸಿದ್ಧವಾಗಿತ್ತು.

ತಿಂಗಳ ಮೇಲೆ, ಉಳಿದಿದ್ದ ಮೂರು ಬೋರ್ಡು ವಾಪಸು ತರಲು ನಾನು ಅವರ ಮನೆಗೆ ಹೋದೆ. ಹೋಗುವಾಗ ದಾರಿಯಲ್ಲಿ ಚಿಕ್ಕತಾಯಮ್ಮನಿಗೆ ಕೋಣೆ ಎದ್ದ ವಿಷಯ ತಿಳಿಸಿದ್ದಷ್ಟೇ. ನಾನು ಅಲ್ಲಿದ್ದಾಗಲೇ ಮಧ್ಯಾಹ್ನದ ಬಸ್ಸಿನಲ್ಲಿ ಅವರೂ, ಇನ್ನೂ ಏಳೆಂಟು ಹೆಂಗಸರೂ, ಹಿಂದೆ ಜವರಯ್ಯನೂ ಬಂದಿಳಿದರು. ತಮ್ಮ ಮನೆಗಳಲ್ಲಿ ತಂಗಿದ್ದು ಏನಾಯಿತೆಂದು ನೋಡಬೇಕಿತ್ತಂತೆ. ಕೋಣೆಯೊಳಕ್ಕೆ ಹೊರಗಿನವರು ಹೋಗುವಂತಿರಲಿಲ್ಲ. ಮಾದೇವಣ್ಣ ಅವರನ್ನು ಹಿತ್ತಿಲಿನ ಕಡೆಯ ಗಾಜಿನ ಕಿಟಕಿಗೆ ಕರೆದುಕೊಂಡು ಹೋದರು. ಒಳಗೆ ಮಾದೇವಣ್ಣನ ತಮ್ಮ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಂಚದ ಮೇಲೆ ಕೂತಿದ್ದರು. ಇವರು ಯಾರೆಂದು ಅಣ್ಣ ಮೊದಲೇ ಹೇಳಿದ್ದಿರಬೇಕು. ಕಂಡ ಕೂಡಲೇ ಎರಡೂ ಕೈ ಎತ್ತಿ ಮುಗಿದರು.

ಇವರೂ ಮುಗಿದರು. ಆಮೇಲೆ ಚಿಕ್ಕತಾಯಮ್ಮ ಮೆಲ್ಲಗೆ, "ಎದ್ದು ಕುಂತವ್ರೆ," ಎಂದು ಪಕ್ಕದವಳಿಗೆ ಹೇಳಿದರು.

ಜವರಯ್ಯ ಹಿಂದಿನಿಂದ ತುದಿಗಾಲಲ್ಲಿ ನಿಂತು ಕೋಣೆಯನ್ನೆಲ್ಲ ನೋಡಿದ. ಗೋಡೆ, ಸೂರು, ಎಲ್ಲ ಕಡೆ ಒಂದೇ ಬಿಳುಪು, ಎಲ್ಲಿಂದ ಎಲ್ಲಿಗೂ ಒಂದು ಗೆರೆ ಕಾಣುತ್ತಿರಲಿಲ್ಲ. ನನ್ನ ಕಿವಿಯ ಹತ್ತಿರ ಬಂದು ಕೇಳಿದ:

"ನನ್ನ ಮನೇಲಿದ್ದ ಎರಡು ಯಾವ್ವು ಅಣ್ಣ?"

ಅದು ಯಾರಿಗೆ ತಾನೇ ಗೊತ್ತು? ಬಣ್ಣ ಹೊಡೆದ ಮೇಲೆ ಹಾಕಿದವರಿಗೂ ಗೊತ್ತಾಗುವುದಿಲ್ಲ. ನಾನು ಕೈಯೆತ್ತಿ ಮಂಚದ ನೇರಕ್ಕೆ, ಅವರ ತಲೆಯ ಮೇಲಿದ್ದ ಸೂರನ್ನು ತೋರಿಸಿದೆ. ಜವರಯ್ಯ ಅದನ್ನು ನೋಡಿದ. ಹೆಂಗಸರೂ ಒಬ್ಬೊಬ್ಬರಾಗಿ ಅತ್ತ ನೋಡಿದರು. ನಾವೆಲ್ಲ ಮೇಲೆ ನೋಡುತ್ತಿರುವುದನ್ನು ಕಂಡು ಒಳಗಿದ್ದವರೂ ನಿಧಾನವಾಗಿ ತಲೆಯೆತ್ತಿ ನೋಡಿದರು.